ಸೇಲಂ ಊರಿನ ಅಪವಾದ ಮತ್ತು ನಮ್ಮ ತೆಂಗಿನ ಸೀಮೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)





ವಿದ್ಯಾರ್ಥಿಗಳಿಗೆ ಉಪಯೋಗವಾಗುವಂಥ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ಪರೀಕ್ಷೆ, ಅಂಕ, ಸ್ಕಾಲರ್‌ಶಿಪ್ ವಿಷಯವನ್ನು ನನಗಿಂತ ಬಲ್ಲವರು ಹೇಳಿಯಾಗಿದೆ. ಈಚೆಗೆ ತರಗತಿಯಲ್ಲಿ ಒಬ್ಬ ಹುಡುಗಿ, "ಟೀಚರ್, ಮಾಟ ಮಾಡಿಸುವುದು ನಿಜವಾ?" ಎಂದು ಕೇಳಿದಳು. ಅವಳಿಗೆ ಆಗ ಸರಿಯಾದ ಉತ್ತರ ಕೊಡಲಾಗಲಿಲ್ಲ. ಅದನ್ನು ಇಲ್ಲಿ ಕೊಡಲು ಪ್ರಯತ್ನಿಸುತ್ತೇನೆ. ಸ್ವಲ್ಪ ದೂರದಿಂದ ಬರಬೇಕಾಗುತ್ತದೆ, ದಯವಿಟ್ಟು ಸಹಿಸಿಕೊಳ್ಳಿ.

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸೇಲಂ ಎಂಬ ಊರಿದೆ. ತಮಿಳುನಾಡಿನ ಸೇಲಂ ಅಲ್ಲ. ಅಲ್ಲಿ ನೆಲೆಸಿದ್ದವರು ಇಂಗ್ಲೆಂಡಿನಿಂದ ಹೋದ ಪ್ಯೂರಿಟನ್ ಪಂಥದವರು. ಬಹಳ ದೈವಭಕ್ತರು. ದಿನವೂ ಧರ್ಮಗ್ರಂಥ ಓದುವವರು, ಪ್ರಾರ್ಥನೆ ತಪ್ಪಿಸದವರು, ಆಡಂಬರ ಮಾಡದವರು. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮುಂದೆ ನಡೆದದ್ದನ್ನು ಕೇಳಿ, ಅವರು ಧರ್ಮ ತಿಳಿಯದವರು, ನಮಗೆ ಹಾಗಾಗದು ಎಂದು ಯಾರೂ ಸಮಾಧಾನ ಮಾಡಿಕೊಳ್ಳಬಾರದು.

1692ರ ಚಳಿಗಾಲದಲ್ಲಿ ಅಲ್ಲಿಯ ಪಾದ್ರಿಯ ಮನೆಯ ಇಬ್ಬರು ಹುಡುಗಿಯರಿಗೆ ವಿಚಿತ್ರ ಸೆಳೆತ ಶುರುವಾಯಿತು. ಒಬ್ಬಳಿಗೆ 9 ವರ್ಷ, ಇನ್ನೊಬ್ಬಳಿಗೆ 11. ಕೂಗುವುದು, ಮೈ ತಿರುಚಿಕೊಳ್ಳುವುದು. ಇದು ಮಾಟದ ಕೈವಾಡ ಎಂಬ ಮಾತು ಹುಟ್ಟಿತು. ಯಾರು ಮಾಡಿದರು ಎಂದು ದೊಡ್ಡವರು ಒತ್ತಾಯಿಸಿ ಕೇಳಿದಾಗ ಹುಡುಗಿಯರು ಹೆಸರು ಹೇಳಿದರು. ಮೊದಲ ಮೂವರಲ್ಲಿ ಒಬ್ಬಳು ಅದೇ ಮನೆಯಲ್ಲಿ ಗುಲಾಮಳಾಗಿದ್ದ ಟಿಟ್ಯುಬಾ. ಇನ್ನೊಬ್ಬಳು ಮನೆಮನೆಗೆ ಹೋಗಿ ಬೇಡುತ್ತಿದ್ದ ಸಾರಾ ಗುಡ್. ದಿಕ್ಕಿಲ್ಲದವರ ಹೆಸರೇ ಮೊದಲು ಬಂದದ್ದನ್ನು ಗಮನಿಸಿ. ಸಾರಾಳ ನಾಲ್ಕೈದು ವರ್ಷದ ಮಗಳನ್ನೂ ಸರಪಳಿ ಹಾಕಿ ತಿಂಗಳುಗಟ್ಟಲೆ ಜೈಲಿನಲ್ಲಿಟ್ಟರು.

ಸಾಕ್ಷ್ಯ ಎಂಥದ್ದು ಗೊತ್ತೇ? "ಆ ಹೆಂಗಸಿನ ರೂಪ ರಾತ್ರಿ ಬಂದು ನನ್ನನ್ನು ಚಿವುಟಿತು" ಎನ್ನುವುದು. ನಾನು ಮನೆಯಲ್ಲಿ ಮಲಗಿದ್ದೆ ಎಂದು ಆಕೆ ಹೇಳಿದರೆ, ನಿನ್ನ ದೇಹ ಮಲಗಿತ್ತು, ರೂಪ ಓಡಾಡುತ್ತಿತ್ತು ಎನ್ನುವರು. ಇದಕ್ಕೆ ಎದುರು ವಾದ ಯಾವ ವಕೀಲನಿಗೂ ಸಾಧ್ಯವಿಲ್ಲ. ಒಂದು ವರ್ಷದೊಳಗೆ 150ಕ್ಕೂ ಹೆಚ್ಚು ಜನ ಜೈಲು ಸೇರಿದರು. 19 ಜನರನ್ನು ಗಲ್ಲಿಗೇರಿಸಿದರು. ತಪ್ಪು ಒಪ್ಪಿಕೊಂಡು ಆ ಮಾತಿಗೇ ಅಂಟಿಕೊಂಡವರಲ್ಲಿ ಒಬ್ಬರೂ ಗಲ್ಲಿಗೇರಲಿಲ್ಲ. ನಾನು ಮಾಟ ಮಾಡಿಲ್ಲ, ಸುಳ್ಳು ಹೇಳಲಾರೆ ಎಂದವರೇ ಸತ್ತರು.

ಅವರಲ್ಲಿ ರೆಬೆಕ್ಕಾ ನರ್ಸ್ ಎಂಬ 71 ವರ್ಷದ ಅಜ್ಜಿ. ಇವರು ಒಳ್ಳೆಯವರು ಎಂದು ನೆರೆಹೊರೆಯ 39 ಜನ ಜೀವಭಯ ಬಿಟ್ಟು ಸಹಿ ಹಾಕಿಕೊಟ್ಟರು. ಜ್ಯೂರಿ ಮೊದಲು ನಿರ್ದೋಷಿ ಎಂದೇ ತೀರ್ಪು ಕೊಟ್ಟಿತು. ದೂರು ಕೊಟ್ಟ ಹುಡುಗಿಯರು ಗಲಾಟೆ ಎಬ್ಬಿಸಿದರು. ಜ್ಯೂರಿ ಮತ್ತೆ ಕೂತು, ಆಕೆ ಹಿಂದೆ ಆಡಿದ್ದ ಒಂದು ಮಾತಿಗೆ ವಿವರಣೆ ಕೇಳಿತು. ಆಕೆಗೆ ಕಿವಿ ಮಂದ, ಕೇಳಿಸಲಿಲ್ಲ, ಸುಮ್ಮನಿದ್ದರು. ಆ ಮೌನವನ್ನೇ ತಪ್ಪೊಪ್ಪಿಗೆ ಎಂದು ತಿಳಿದರು. ಜುಲೈ 19ರಂದು ಗಲ್ಲು. ಈ ಅಜ್ಜಿಯ ಯಜಮಾನರು 300 ಎಕರೆಯ ದೊಡ್ಡ ತೋಟವನ್ನು ಕಂತಿನ ಮೇಲೆ ಕೊಂಡಿದ್ದರು. ಗಡಿಯ ವ್ಯಾಜ್ಯ ಬಹಳ ದಿನದಿಂದ ಇತ್ತು. ಅನೇಕ ದೂರುಗಳಿಗೆ ಸಹಿ ಹಾಕಿದ ಥಾಮಸ್ ಪುಟ್ನಂ ಎಂಬಾತನ ಕುಟುಂಬಕ್ಕೂ ಆ ಸೀಮೆಯ ಜನಕ್ಕೂ ಜಮೀನಿನ ಜಗಳವಿತ್ತು. ತಂದೆಯ ಆಸ್ತಿಯ ದೊಡ್ಡ ಪಾಲು ಮಲತಮ್ಮನಿಗೆ ಹೋಯಿತೆಂಬ ಸಂಕಟ ಬೇರೆ. ಎಲ್ಲವೂ ಜಮೀನಿಗಾಗಿಯೇ ನಡೆಯಿತು ಎಂದು ನಾನು ಹೇಳುವುದಿಲ್ಲ. ಭಯವೂ ನಿಜವೇ ಇತ್ತು. ಆದರೆ ಭಯ ದಾರಿ ತೆರೆದ ಮೇಲೆ ಆ ದಾರಿಯಲ್ಲಿ ಆಸೆ ಬುಟ್ಟಿ ಹಿಡಿದುಕೊಂಡು ಬಂತು.

ಜಾನ್ ಪ್ರಾಕ್ಟರ್ ಎಂಬ ರೈತನ ಕಥೆಯನ್ನು ನಿಮ್ಮಲ್ಲಿ ಕೆಲವರು ಸಿನಿಮಾದಲ್ಲಿ ನೋಡಿರಬಹುದು. ಆರ್ಥರ್ ಮಿಲ್ಲರ್ 1953ರಲ್ಲಿ ಬರೆದ ನಾಟಕವದು. ಅದರಲ್ಲಿ ಪ್ರಾಕ್ಟರನಿಗೂ ದೂರು ಕೊಟ್ಟ ಹುಡುಗಿಗೂ ಸಂಬಂಧವಿತ್ತೆಂದು ತೋರಿಸಿದ್ದಾರೆ. ಅದು ನಾಟಕಕಾರನ ಕಲ್ಪನೆ. ನಿಜದಲ್ಲಿ ಆ ಹುಡುಗಿಗೆ 11 ವರ್ಷ, ಪ್ರಾಕ್ಟರನಿಗೆ ಸುಮಾರು 60. ನನಗೆ ಕೇಳಿದರೆ ನಿಜವಾದ ಪ್ರೀತಿಯ ಕಥೆಯೇ ನಾಟಕಕ್ಕಿಂತ ದೊಡ್ಡದು. ಹೆಂಡತಿ ಎಲಿಜಬೆತ್‌ಳನ್ನು ವಿಚಾರಣೆಗೆ ಕರೆದಾಗ ಆತ ಅವಳ ಪಕ್ಕದಲ್ಲಿ ನಿಂತ. ನಿಂತದ್ದೇ ತಪ್ಪಾಯಿತು, ಅವನ ಹೆಸರನ್ನೂ ಕೂಗಿದರು. ಜೈಲಿನಿಂದ ಆತ ಬಾಸ್ಟನ್ನಿನ ಪಾದ್ರಿಗಳಿಗೆ ಪತ್ರ ಬರೆದು, ತನ್ನ ಮಗನನ್ನು ಕತ್ತಿಗೂ ಕಾಲಿಗೂ ಸೇರಿಸಿ ಬಿಗಿದು ಮೂಗಿನಲ್ಲಿ ರಕ್ತ ಬರುವವರೆಗೆ ಹಿಂಸಿಸಿದ್ದನ್ನು ತಿಳಿಸಿದ. ವಿಚಾರಣೆ ಮುಗಿಯುವ ಮೊದಲೇ ಷರೀಫನು ಅವನ ದನಕರು ಹೊಡೆದುಕೊಂಡು ಹೋದ. ಪೀಪಾಯಿಯಲ್ಲಿದ್ದ ಬಿಯರ್ ಚೆಲ್ಲಿ ಪೀಪಾಯಿ ಒಯ್ದರು. ಒಲೆಯ ಮೇಲಿದ್ದ ಪಾತ್ರೆಯ ಸಾರನ್ನು ಚೆಲ್ಲಿ ಪಾತ್ರೆ ಒಯ್ದರು ಎಂದು ಆ ಕಾಲದವರೇ ಬರೆದಿಟ್ಟಿದ್ದಾರೆ. ಮನೆಯಲ್ಲಿ ಇದ್ದವರು ಮಕ್ಕಳು. ಮಕ್ಕಳ ಊಟದ ಸಾರನ್ನು ಚೆಲ್ಲುವವನಿಗೆ ಸೈತಾನನ ಭಯ ಎಷ್ಟಿದ್ದೀತು?

ಆಗಸ್ಟ್ 19ರಂದು ಜಾನ್‌ನನ್ನು ಗಲ್ಲಿಗೇರಿಸಿದರು. ಎಲಿಜಬೆತ್ ಗರ್ಭಿಣಿಯಾಗಿದ್ದರಿಂದ ಹೆರಿಗೆಯವರೆಗೆ ಬಿಟ್ಟರು. ಅಷ್ಟರಲ್ಲಿ ಗವರ್ನರು ಆ ನ್ಯಾಯಾಲಯವನ್ನೇ ಮುಚ್ಚಿಸಿದ್ದರಿಂದ ಆಕೆ ಉಳಿದಳು. ಹೊರಗೆ ಬಂದಾಗ ಗಂಡನ ಉಯಿಲಿನಲ್ಲಿ ಆಕೆಯ ಹೆಸರಿಲ್ಲ. ಮರಣದಂಡನೆಯಾದವಳಾದ್ದರಿಂದ ಕಾನೂನಿನ ಕಣ್ಣಿಗೆ ಆಕೆ ಸತ್ತವಳು, ಕೇಳುವ ಹಕ್ಕೂ ಇಲ್ಲ. ಹಸುಗೂಸನ್ನು ಎತ್ತಿಕೊಂಡು ವರ್ಷಗಟ್ಟಲೆ ಅರ್ಜಿ ಹಾಕಬೇಕಾಯಿತು. 1711ರಲ್ಲಿ ಸರ್ಕಾರ ಪರಿಹಾರ ಕೊಟ್ಟಾಗ ಈ ಕುಟುಂಬಕ್ಕೆ 150 ಪೌಂಡ್ ಸಿಕ್ಕಿತು.

ದೂರು ಕೊಟ್ಟವರಲ್ಲಿ ಒಬ್ಬಳು ಆನ್ ಪುಟ್ನಂ, ಥಾಮಸ್ ಪುಟ್ನಂನ ಮಗಳು. ಆಗ 12 ವರ್ಷ. 1706ರಲ್ಲಿ, ದೊಡ್ಡವಳಾದ ಮೇಲೆ, ಆಕೆ ಅದೇ ಊರಿನ ಪ್ರಾರ್ಥನಾ ಮಂದಿರದಲ್ಲಿ ಎಲ್ಲರೆದುರು ಎದ್ದು ನಿಂತಳು. ನಿರಪರಾಧಿಗಳ ಜೀವ ಹೋಗಲು ತಾನೂ ಕಾರಣಳಾದೆ ಎಂಬ ಆಕೆಯ ಹೇಳಿಕೆಯನ್ನು ಪಾದ್ರಿ ಓದಿದರು. ರೆಬೆಕ್ಕಾ ಅಜ್ಜಿಯ ಸಂಬಂಧಿಕರೂ ಆ ಊರಿನವರೇ. ಈ ಹುಡುಗಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ನಮ್ಮ ಕಡೆಗೆ ಬರೋಣ. ನಮ್ಮ ರಾಜ್ಯದ ಬೀದರ್, ಕಲಬುರಗಿ ಕಡೆ ಇದಕ್ಕೆ ಭಾನಾಮತಿ ಎನ್ನುತ್ತಾರೆ. ಭಾನಾಮತಿ ಮಾಡಿದರೆಂದು ಸಂಶಯ ಬಂದವರ ಹಲ್ಲು ಕಿತ್ತ ಪ್ರಕರಣಗಳು ಆ ಗಡಿ ಸೀಮೆಯಲ್ಲಿ ನಡೆದಿವೆ. ಹಲ್ಲಿಲ್ಲದಿದ್ದರೆ ಮಂತ್ರದ ಉಚ್ಚಾರಣೆ ಸರಿಯಾಗದು ಎಂಬ ಲೆಕ್ಕ! ಜನ ಮೌಢ್ಯ ನಿಷೇಧ ಕಾಯ್ದೆ ಎಂದು ಕರೆಯುವ ಕಾನೂನನ್ನು ನಮ್ಮ ವಿಧಾನಮಂಡಲ 2017ರಲ್ಲಿ ಅಂಗೀಕರಿಸಿತು. ಅದು ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಜಾರ್ಖಂಡ್‌ನಲ್ಲಿ ಛುಟ್ನಿ ಮಹತೋ ಎಂಬ ಮಹಿಳೆಯನ್ನು 1995ರಲ್ಲಿ ಮಾಟಗಾತಿ ಎಂದು ಹಿಂಸಿಸಿ ಊರು ಬಿಡಿಸಿದರು. ಅವರು ಸೋಲದೆ, ತಮ್ಮಂತೆ ಅಪವಾದ ಹೊತ್ತ ಎಷ್ಟೋ ಹೆಂಗಸರನ್ನು ಕಾಪಾಡಿದರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಇದು ಬೇರೆಯವರ ಪಿಡುಗು ಎನ್ನುವ ಹಾಗಿಲ್ಲ. ನಮ್ಮ ಮೊಹಲ್ಲಾಗಳಲ್ಲೂ ಮಗುವಿಗೆ ಜ್ವರ ಬಿಡದಿದ್ದರೆ, ಸೊಸೆಗೆ ಗರ್ಭ ನಿಲ್ಲದಿದ್ದರೆ, ಆಸ್ಪತ್ರೆಗಿಂತ ಮೊದಲು ಆಮಿಲರ ಹತ್ತಿರ ಹೋಗುವವರಿದ್ದಾರೆ. ಅಲ್ಲಿ ಸಿಗುವ ಉತ್ತರ ಬಹುಪಾಲು ಒಂದೇ: "ನಿಮ್ಮ ಹತ್ತಿರದವರೇ ಮಾಡಿಸಿದ್ದಾರೆ, ಒಬ್ಬ ಹೆಂಗಸು." ಹೆಸರು ಹೇಳುವುದಿಲ್ಲ. ಹೆಸರನ್ನು ಮನೆಗೆ ಬಂದು ನಾವೇ ತುಂಬಿಕೊಳ್ಳುತ್ತೇವೆ. ಅತ್ತೆಗೆ ಸೊಸೆ, ಸೊಸೆಗೆ ನಾದಿನಿ. ಬದ್‌ಗುಮಾನಿಯ ಬಗ್ಗೆ ಸೂರಾ ಹುಜುರಾತ್ ಕೊಟ್ಟ ಎಚ್ಚರಿಕೆಯನ್ನು ನಮ್ಮ ಮಕ್ಕಳು ಬಾಯಿಪಾಠ ಹೇಳಬಲ್ಲರು. ಹಜ್ರತ್ ಆಯಿಶಾರ ಮೇಲೆಯೇ ತೋಹ್ಮತ್ ಹೊರಿಸಿದವರಿದ್ದರು ಎಂಬುದನ್ನೂ ಮದರಸಾದಲ್ಲಿ ಓದಿದ್ದಾರೆ. ಓದಿದ್ದು ಮನೆಯ ಹೊಸ್ತಿಲು ದಾಟಿ ಒಳಗೆ ಬರಬೇಕಲ್ಲ?

ಇನ್ನು ನನ್ನದೇ ಒಂದು ವಿಷಯ. ಇದನ್ನು ಇಲ್ಲಿಯವರೆಗೆ ಸಭೆಯಲ್ಲಿ ಹೇಳಿಲ್ಲ.

ತೆಂಗಿಗೆ ನುಸಿ ಬಂದ ವರ್ಷಗಳು ಹಿರಿಯರಿಗೆ ನೆನಪಿರಬಹುದು. 2000ದ ಆಸುಪಾಸು. ಕಾಯಿ ಕಂದು ತಿರುಗಿ, ಮೈಯೆಲ್ಲ ಬಿರುಕು ಬಿಟ್ಟು, ನಿಂಬೆಹಣ್ಣಿನಷ್ಟಕ್ಕೇ ಉದುರುತ್ತಿತ್ತು. ಉಳಿದದ್ದನ್ನು ಅಟ್ಟಕ್ಕೆ ಹಾಕಿದರೂ ವರ್ಷದ ಕೊನೆಗೆ ಸುಲಿದಾಗ ಕೊಬ್ಬರಿ ಸಣ್ಣದು, ಮಾರ್ಕೆಟ್ಟಿನಲ್ಲಿ ಕೇಳುವವರಿಲ್ಲ. ಕಣ್ಣಿಗೆ ಕಾಣದ ಹುಳು ಎಂದು ಇಲಾಖೆಯವರು ಹೇಳುತ್ತಿದ್ದರು. ಕಣ್ಣಿಗೆ ಕಾಣದ್ದು ಎಂದ ಮೇಲೆ ಜನ ತಮಗೆ ತೋಚಿದ ಅರ್ಥ ಮಾಡಿಕೊಂಡರು. ತೋಟತೋಟದಲ್ಲೂ ಸುಣ್ಣದ ಚುಕ್ಕೆಯ ದೃಷ್ಟಿ ಗಡಿಗೆ ಏರಿತು.

ನಮ್ಮ ಬೀದಿಯಲ್ಲಿ ಒಬ್ಬ ವಿಧವೆ ಇದ್ದರು. ನಾವು ಖಾಲಮ್ಮ ಎನ್ನುತ್ತಿದ್ದೆವು, ಹೆಸರು ಬೇಡ. ಅವರ ಯಜಮಾನರು ಭುಜದ ಮೇಲೆ ನೀರು ಹೊತ್ತು ಬೆಳೆಸಿದ ಅರವತ್ತು ತೆಂಗಿನ ಮರ ಅವರ ಪಾಲಿಗೆ ಉಳಿದಿತ್ತು. ಸಂಜೆ ಹೋಗಿ ಮರಗಳ ನಡುವೆ ಕೂತು ತಸ್ಬೀಹ್ ಎಣಿಸುತ್ತಿದ್ದರು. ಬೀದಿಯ ಮಕ್ಕಳಿಗೆಲ್ಲ ಕೊಬ್ಬರಿ ಮಿಠಾಯಿ ಮಾಡಿ ಕೊಡುತ್ತಿದ್ದರು. ಸುತ್ತಲಿನ ತೋಟಗಳೆಲ್ಲ ಬೋಳಾದ ವರ್ಷ ಅವರ ಮರಗಳು ಅಷ್ಟು ಕೆಡಲಿಲ್ಲ. ಮಾತು ಶುರುವಾಯಿತು.

ಆಗ ನಾನು ಐದನೇ ತರಗತಿ. ನಮ್ಮ ಫುಪ್ಪು ಮನೆಯಲ್ಲಿ ಹೆಂಗಸರು ಕೂತು ಇದೇ ಮಾತಾಡುತ್ತಿದ್ದಾಗ ನಾನು ನಡುವೆ ಬಾಯಿ ಹಾಕಿ, "ಖಾಲಮ್ಮ ಕತ್ತಲಾದ ಮೇಲೆ ಮರದ ಬುಡ ಅಗೆದು ಕಪ್ಪಗಿನ ನೀರಿನ ಚೀಲ ಕಟ್ಟುತ್ತಾರೆ, ನಾನು ನೋಡಿದೀನಿ, ಬಾಯಲ್ಲಿ ಏನೋ ಹೇಳ್ತಾ ಇದ್ದರು" ಎಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ಮತ್ತೆ ಮತ್ತೆ ಕೇಳಿದರು. ಮೊದಲ ಬಾರಿಗೆ ದೊಡ್ಡವರು ನನ್ನ ಮಾತನ್ನು ಅಷ್ಟು ಗಮನ ಕೊಟ್ಟು ಕೇಳಿದ್ದು. ಎರಡನೇ ಸಲ ಹೇಳುವಾಗ ಅದರಲ್ಲಿ ಕೂದಲೂ ಇತ್ತು ಎಂದು ಸೇರಿಸಿದೆ. ಕೂದಲು ನಾನು ನೋಡಿರಲಿಲ್ಲ.

ತೋಟದವರಿಗೆ ಈಗಾಗಲೇ ಅರ್ಥವಾಗಿರಬೇಕು. ನುಸಿಗೆ ಬೇರಿನ ಮೂಲಕ ಔಷಧ ಕೊಡುವ ಕ್ರಮವದು. ಎಳೆಯ ಬೇರನ್ನು ಹುಡುಕಿ, ತುದಿ ಓರೆಯಾಗಿ ಕೊಯ್ದು, ಔಷಧ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಇಳಿಸಿ ದಾರ ಕಟ್ಟಬೇಕು. ಖಾಲಮ್ಮ ಯಾರನ್ನೋ ಕೇಳಿ ತಿಳಿದುಕೊಂಡು, ಆಳಿಗೆ ಕೊಡಲು ದುಡ್ಡಿಲ್ಲದೆ ತಾವೇ ಮಾಡುತ್ತಿದ್ದರು. ಹೆಂಗಸು ಮಣ್ಣು ಅಗೆಯುವುದನ್ನು ಜನ ನೋಡಿ ಆಡಿಕೊಳ್ಳದಿರಲಿ ಎಂದು ಕತ್ತಲಾದ ಮೇಲೆ. ನಾವು ಕಲಿಯಬೇಕಾದ ಕೆಲಸವನ್ನು ಅವರು ಮೊದಲು ಕಲಿತಿದ್ದರು.

ಆಮೇಲಿನದು ಬೇಗ ಮುಗಿಯಿತು. ಮಿಠಾಯಿ ತಿನ್ನಬೇಡಿ ಎಂದು ಮಕ್ಕಳಿಗೆ ಹೇಳಿದರು. ಮದುವೆ ಮನೆಗಳಿಂದ ಕರೆ ನಿಂತಿತು. ಒಂದು ರಾತ್ರಿ ಬಾಗಿಲಿಗೆ ಕಲ್ಲು ಬಿತ್ತು. ತೋಟದ ಮೇಲೆ ಬಹಳ ದಿನದಿಂದ ಕಣ್ಣಿಟ್ಟಿದ್ದ ಅವರ ಕಡೆಯವರೇ ಒಬ್ಬರು, ಇಂಥ ಹೆಸರು ಬಂದ ತೋಟವನ್ನು ಬೇರೆ ಯಾರು ಕೊಳ್ಳುತ್ತಾರೆ ಎಂದು ಹೇಳಿ, ಸಿಗಬೇಕಾದ ಬೆಲೆಯಲ್ಲಿ ಅರ್ಧಕ್ಕೂ ಕಡಿಮೆ ಕೊಟ್ಟು ಬರೆಸಿಕೊಂಡರು. ಅವರು ಈಗಿಲ್ಲ. ಖಾಲಮ್ಮ ಬೇರೆ ಊರಿನಲ್ಲಿದ್ದ ಮಗಳ ಮನೆಗೆ ಹೋದರು. ಹೊರಡುವ ದಿನ ನಮ್ಮ ಬೀದಿಯಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ನಮ್ಮದೂ ಸೇರಿ.

ಬಿಎಡ್ ಓದುವಾಗ ಸೇಲಂ ಕಥೆ ನನ್ನ ಕೈಗೆ ಬಂತು. ಆನ್ ಪುಟ್ನಂ ಎಂಬ ಹೆಸರು ಓದಿ ಪುಸ್ತಕ ಮುಚ್ಚಿಟ್ಟೆ. ಆಮೇಲೂ ಎಷ್ಟೋ ವರ್ಷ ಸುಮ್ಮನಿದ್ದೆ. ಇಷ್ಟು ಹಳೆಯದನ್ನು ಈಗ ಕೆದಕಿ ಏನು ಪ್ರಯೋಜನ ಎಂಬ ನೆಪ ನನಗಿತ್ತು. ಆ ನೆಪವನ್ನು ಕಿತ್ತುಕೊಂಡದ್ದು ಶಾಲಾ ಮಕ್ಕಳು. ಸೇಲಂ ಪ್ರಕರಣದಲ್ಲಿ ಎಲಿಜಬೆತ್ ಜಾನ್ಸನ್ ಎಂಬ 22 ವರ್ಷದ ಹುಡುಗಿಗೂ ಮರಣದಂಡನೆ ವಿಧಿಸಿದ್ದರು. ಗಲ್ಲು ತಪ್ಪಿತು, ಅಪರಾಧಿ ಎಂಬ ಹೆಸರು ಹೋಗಲಿಲ್ಲ. ಆಕೆಗೆ ಮಕ್ಕಳಿರಲಿಲ್ಲ, ಅವಳ ಪರವಾಗಿ ಕೇಳುವ ವಂಶವೇ ಇರಲಿಲ್ಲ. ನಾರ್ತ್ ಆಂಡೋವರ್ ಎಂಬ ಊರಿನಲ್ಲಿ ಕ್ಯಾರಿ ಲಾಪಿಯೆರ್ ಎಂಬ ಶಿಕ್ಷಕಿ ತಮ್ಮ ಎಂಟನೇ ತರಗತಿಯ ಮಕ್ಕಳಿಗೆ ಇದನ್ನು ಯೋಜನೆಯಾಗಿ ಕೊಟ್ಟರು. ಮಕ್ಕಳು ದಾಖಲೆ ಓದಿದರು, ಶಾಸಕರಿಗೆ ಪತ್ರ ಬರೆದರು. 2022ರಲ್ಲಿ ಮ್ಯಾಸಚೂಸೆಟ್ಸ್ ಸರ್ಕಾರ ಆಕೆ ನಿರ್ದೋಷಿ ಎಂದು ಕಾನೂನು ಮಾಡಿತು. ಸುಮಾರು 330 ವರ್ಷ ಆದ ಮೇಲೆ. ಆ ಸುದ್ದಿ ಓದಿದ ವಾರವೇ ನಾನು ಖಾಲಮ್ಮನ ಮಗಳ ಊರಿಗೆ ಬಸ್ಸು ಹತ್ತಿದೆ.

ಖಾಲಮ್ಮ ತೀರಿಕೊಂಡು ಬಹಳ ಕಾಲವಾಗಿತ್ತು. ಮಗಳು ಚಹಾ ಕೊಟ್ಟರು. ನಾನು ಕೂದಲಿನ ಸುಳ್ಳಿನವರೆಗೆ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಮ್ಮಿಗೆ ಗೊತ್ತಿತ್ತು, ಮಗುವೊಂದು ಹೇಳಿತಂತೆ ಅಂತ. ಯಾವ ಮಗು ಅಂತ ಕೇಳಲೇ ಇಲ್ಲ ಅವರು" ಎಂದರು. ನಾನು ಮಾಫಿ ಕೇಳಿದೆ. ಅವರು, "ನನ್ನ ಮನೆಯಲ್ಲಿ ಕೂತು ಹೇಳಿದರೆ ಏನಾಯಿತು? ನಮ್ಮ ಅಮ್ಮಿಯ ಹೆಸರು ಕೆಟ್ಟದ್ದು ಇಲ್ಲಲ್ಲ, ನಿಮ್ಮ ಊರಿನಲ್ಲಿ. ಅಲ್ಲಿ ಹೇಳು" ಎಂದರು.

ಈ ಸಭೆಯಲ್ಲಿ ನಮ್ಮ ಬೀದಿಯವರು ಹತ್ತು ಹನ್ನೆರಡು ಜನ ಕೂತಿದ್ದೀರಿ. ನಾನು ಯಾರ ಮಾತು ಹೇಳುತ್ತಿದ್ದೇನೆಂದು ನಿಮಗೆ ಗೊತ್ತು. ಆ ಚೀಲದಲ್ಲಿ ಇದ್ದದ್ದು ಔಷಧ. ಕೂದಲು ಇರಲಿಲ್ಲ.