ಆನೆಗೊಂದಿ ಬಂಡೆ, ಕೌಬಾಯ್ ಟೋಪಿ, ತಪ್ಪು ಬಂದೂಕು

  ಇವತ್ತು ಸಿನಿಮಾ ಬಂದೂಕಿನ ಮಾತು.

ಸಣಾಪುರ, ಆನೆಗೊಂದಿ ಕಡೆ ಹೋದೋರಿಗೆ ಗೊತ್ತು. ಬಂಡೆ ಮೇಲೆ ಬಂಡೆ, ನಡುವೆ ಧೂಳಿನ ದಾರಿ. ಒಂದು ಟೋಪಿ, ಒಂದು ಆಟಿಕೆ ರಿವಾಲ್ವರ್ ಇದ್ರೆ ಮೊಬೈಲ್‌ನಲ್ಲೇ ವೆಸ್ಟರ್ನ್ ಸಿನಿಮಾ ರೆಡಿ. ರಾಮನಗರದ ಬಂಡೆಗಳಲ್ಲಿ ‘ಶೋಲೆ’ ಆಗಬಹುದಾದ್ರೆ ನಮ್ಮಲ್ಲಿ ಯಾಕಾಗಬಾರದು? ಆಗಲಿ. ಆದ್ರೆ ಹೀರೋ ಕೈಯಾಗಿನ ಬಂದೂಕು ಯಾವ ಕಾಲದ್ದು ಅಂತ ಯಾರೂ ಕೇಳೋದಿಲ್ಲ. ಹಾಲಿವುಡ್‌ನೋರೇ ಕೇಳಲಿಲ್ಲ ಬಿಡ್ರಿ.

‘ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ’ ನೋಡಿರ್ತೀರಿ. 1966ರ ಸಿನಿಮಾ, ಕಥೆ ನಡೆಯೋದು ಅಮೆರಿಕದ ಅಂತರ್ಯುದ್ಧದಲ್ಲಿ, 1862ರ ಸುಮಾರು. ಕ್ಲಿಂಟ್ ಈಸ್ಟ್‌ವುಡ್ ಕೈಯಲ್ಲಿರೋದು ಕೋಲ್ಟ್ 1851 ನೇವಿ. ಹೆಸರು, ಇಸವಿ ಎರಡೂ ಸರಿ. ಆದ್ರೆ ಆತ ಅದಕ್ಕೆ ಲೋಹದ ಕಾಡತೂಸು ತುಂಬ್ತಾನೆ, ಸೊಂಟದ ಬೆಲ್ಟಿನ ತುಂಬಾ ಕಾಡತೂಸು ಸಿಗಿಸ್ಕೊಂಡಿರ್ತಾನೆ. ಅಸಲಿ 1851 ನೇವಿಗೆ ಕಾಡತೂಸು ಹಾಕೋ ವ್ಯವಸ್ಥೆಯೇ ಇರಲಿಲ್ಲ. ಸಿಲಿಂಡರಿನ ಒಂದೊಂದು ತೂತಿಗೂ ಮದ್ದು ಹಾಕಬೇಕು, ಸೀಸದ ಗುಂಡು ಇಟ್ಟು ಒತ್ತಬೇಕು, ಹಿಂದೆ ಸಣ್ಣ ತಾಮ್ರದ ಟೋಪಿ ಕೂಡಿಸಬೇಕು. ಆರು ಗುಂಡು ತುಂಬೋದ್ರಾಗ ಎದುರಿಗಿನೋನು ಚಹಾ ಕುಡಿದು ಬರಬಹುದು. ಆ ಹಳೇ ಕೋಲ್ಟ್‌ಗಳನ್ನ ಕಾಡತೂಸಿಗೆ ಒಗ್ಗಿಸಿದ್ದು 1870ರ ದಶಕದ ಶುರುವಿನಲ್ಲಿ. ಅಂದ್ರೆ ಈಸ್ಟ್‌ವುಡ್ ಸುಮಾರು ಹತ್ತು ವರ್ಷ ಮುಂದಿನ ಬಂದೂಕು ಹಿಡ್ಕೊಂಡು ಗೆದ್ದಾನ.

ಜಾನ್ ವೇಯ್ನ್‌ದು ಇನ್ನೂ ಮಜಾ. 1939ರ ‘ಸ್ಟೇಜ್‌ಕೋಚ್’ ಕಥೆ 1880ರದ್ದು. ಆತ ಬೆರಳಲ್ಲಿ ಗಿರಕಿ ಹೊಡೆಸೋ ರೈಫಲ್ ವಿಂಚೆಸ್ಟರ್ 1892. ಹೆಸರಿನಾಗೇ ಇಸವಿ ಐತಿ!

ಯಾಕೆ ಹಿಂಗೆ? ಗೊತ್ತಿಲ್ಲದೆ ಮಾಡಿದ್ದಲ್ಲ. ಬಿ.ಕಾಂ. ಓದಿದೋರಿಗೆ ಇದು ಬೇಗ ಅರ್ಥ ಆಗ್ತದೆ: ಖರ್ಚಿನ ಲೆಕ್ಕ. ಹಾಲಿವುಡ್‌ನಲ್ಲಿ ‘ಫೈವ್ ಇನ್ ಒನ್’ ಅಂತ ಒಂದು ಬ್ಲ್ಯಾಂಕ್ ಇತ್ತು. ಬ್ಲ್ಯಾಂಕ್ ಅಂದ್ರೆ ಮದ್ದು ಇರ್ತದೆ, ಗುಂಡು ಇರಲ್ಲ. ಇದೊಂದೇ ಬ್ಲ್ಯಾಂಕ್ ಮೂರು ಅಳತೆಯ ರಿವಾಲ್ವರಿಗೂ ಎರಡು ಅಳತೆಯ ರೈಫಲಿಗೂ ಕೂಡ್ತಿತ್ತು. 1873ರ ಕೋಲ್ಟ್ ರಿವಾಲ್ವರು, 1892ರ ವಿಂಚೆಸ್ಟರು ಎರಡಕ್ಕೂ ಒಂದೇ ಡಬ್ಬಿ. ಸೆಟ್ಟಿನಲ್ಲಿ ನೂರು ಜನ ಕೌಬಾಯ್‌ಗಳಿದ್ರೆ ಯಾವ ಬಂದೂಕಿಗೆ ಯಾವ ಮದ್ದು ಅಂತ ತಲೆ ಕೆಡಿಸಿಕೊಳ್ಳೋ ಹಂಗಿಲ್ಲ. 1892ರ ರೈಫಲ್ ಬೇಕಾದಷ್ಟು ಸಿಗ್ತಿತ್ತು ಕೂಡ. ಇತಿಹಾಸ ಸ್ಟಾಕ್ ನೋಡಿ ಬರೆದಂಗಾತು.

ಬ್ಲ್ಯಾಂಕ್‌ನಲ್ಲಿ ಗುಂಡಿಲ್ಲ ಅಂದ ತಕ್ಷಣ ಅಪಾಯ ಇಲ್ಲ ಅಂದುಕೋಬ್ಯಾಡ್ರಿ. 1993ರಲ್ಲಿ ‘ದ ಕ್ರೋ’ ಚಿತ್ರೀಕರಣದಲ್ಲಿ ಬ್ರೂಸ್ ಲೀ ಮಗ ಬ್ರ್ಯಾಂಡನ್ ಲೀ ಸತ್ತ. ಮೊದಲೊಂದು ದೃಶ್ಯಕ್ಕೆ ತುಂಬಿದ್ದ ನಕಲಿ ಕಾಡತೂಸಿನ ಸೀಸದ ತುದಿ ನಳಿಗೆಯೊಳಗೇ ಸಿಕ್ಕೊಂಡಿತ್ತು. ಆಮೇಲೆ ಅದೇ ರಿವಾಲ್ವರಿಗೆ ಬ್ಲ್ಯಾಂಕ್ ಹಾಕಿ ಹೊಡೆದ್ರು. ಬ್ಲ್ಯಾಂಕಿನ ಮದ್ದು ಆ ತುದಿಯನ್ನ ಗುಂಡಿನಂಗೇ ನೂಕಿತು. 2021ರ ಅಕ್ಟೋಬರ್ 21ರಂದು ನ್ಯೂ ಮೆಕ್ಸಿಕೋದಲ್ಲಿ ‘ರಸ್ಟ್’ ಸೆಟ್. ಇದು ಅಪ್ಪಟ ವೆಸ್ಟರ್ನ್. ಅಲೆಕ್ ಬಾಲ್ಡ್‌ವಿನ್ ಕೈಯಲ್ಲಿದ್ದದ್ದು ಹಳೇ ಕೋಲ್ಟ್ ಮಾದರಿಯನ್ನ ಇಟಲಿಯ ಪಿಯೆಟ್ಟಾ ಕಂಪನಿ ಹೊಸದಾಗಿ ಮಾಡಿದ ರಿವಾಲ್ವರ್. ಅದರೊಳಗೆ ಅಸಲಿ ಗುಂಡಿತ್ತು. ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ತೀರಿಹೋದ್ರು, ನಿರ್ದೇಶಕ ಜೋಯಲ್ ಸೌಜಾ ಗಾಯಗೊಂಡ್ರು. ಬಂದೂಕಿನ ಉಸ್ತುವಾರಿ ಇದ್ದಾಕೆಗೆ 2024ರಲ್ಲಿ 18 ತಿಂಗಳು ಶಿಕ್ಷೆ ಆಯ್ತು. ಜಗತ್ತಿನ ಅತಿ ಶ್ರೀಮಂತ ಸಿನಿಮಾ ಉದ್ಯಮದ ಕಥೆ ಇದು. ನಾವು ನಾಲ್ಕು ಜನ ದೋಸ್ತರು ಬೈಕ್ ಮೇಲೆ ಹೋಗಿ ಶೂಟಿಂಗ್ ಮಾಡೋರು.

ಹಂಗಾಗಿ ನೇರವಾಗಿ ಹೇಳ್ತೀನಿ. ಮನ್ಯಾಗ ಅಜ್ಜನ ಕಾಲದ್ದೋ, ಹೊಲ ಕಾಯೋಕೆ ಲೈಸೆನ್ಸ್ ತಗೊಂಡದ್ದೋ ಬಂದೂಕು ಇದ್ರೆ ಅದನ್ನ ಶೂಟಿಂಗಿಗೆ ಒಯ್ಯಲೇಬ್ಯಾಡ್ರಿ. ಲೈಸೆನ್ಸ್ ಬೆಳೆ ಕಾಯೋಕೆ ಕೊಟ್ಟದ್ದು, ರೀಲ್ಸಿಗಲ್ಲ. ಆಟಿಕೆ ಬಂದೂಕಿಗೆ ನಳಿಗೆ ಕೊರೆಸಿ “ಸ್ವಲ್ಪ ಸದ್ದು ಬರಂಗ ಮಾಡೋಣ” ಅನ್ನೋ ಐಡಿಯಾನೂ ಬ್ಯಾಡ. ನಕಲಿ ಬಂದೂಕನ್ನ ಲೈಸೆನ್ಸ್ ಇಲ್ಲದೆ ಅಸಲಿ ಮಾಡೋದು 1959ರ ಆಯುಧ ಕಾಯ್ದೆಯಲ್ಲಿ ಅಪರಾಧ. ಶೂಟಿಂಗ್ ಐತಿ ಅಂತ ಠಾಣೆಗೆ ಮೊದಲೇ ಒಂದು ಮಾತು ಹೇಳಿ ಇಡ್ರಿ. ದೂರದಿಂದ ನೋಡೋ ಕುರಿಗಾಯಿಗೆ ಅದು ಪ್ಲಾಸ್ಟಿಕ್ ಅಂತ ಹೆಂಗ ಗೊತ್ತಾಗಬೇಕು?

ಈಗ ನಮ್ಮೂರ ಕಥೆಗೆ ಬರ್ತೀನಿ. ಎಲ್ಲರೂ ಟೆಕ್ಸಾಸ್ ಕಥೇನೇ ತೆಗೀಬೇಕಾ? ಈಸ್ಟ್‌ವುಡ್ ಕಥೆ ನಡೆಯೋದು 1862ರಲ್ಲಿ ಅಂದೆನಲ್ಲ, ಅದಕ್ಕೂ ನಾಲ್ಕು ವರ್ಷ ಮುಂಚೆ ಕೊಪ್ಪಳದ ಕೋಟೆಯಲ್ಲಿ ಬಂದೂಕು ಮಾತಾಡಿದ್ವು. 1858ರ ಮೇ ಕೊನೆ. ಮುಂಡರಗಿ ಭೀಮರಾಯ, ಹಮ್ಮಿಗಿ ಕೆಂಚನಗೌಡ. ಹಮ್ಮಿಗಿಯಲ್ಲಿ ಗುಟ್ಟಾಗಿ ಕೂಡಿಸಿಟ್ಟಿದ್ದ ಆಯುಧಗಳು ಸರ್ಕಾರಿ ಅಧಿಕಾರಿಗಳ ಕೈಗೆ ಸಿಕ್ಕಿದ್ದೇ ಬಂಡಾಯದ ಕಿಡಿ. ಅವನ್ನ ಬಿಡಿಸ್ಕೊಂಡು, ಡಂಬಳದ ಖಜಾನೆ ಲೂಟಿ ಮಾಡಿ, ಆಗ ನಿಜಾಮನ ಸೀಮೆಯಲ್ಲಿದ್ದ ಕೊಪ್ಪಳದ ಕೋಟೆ ಹಿಡಿದ್ರು. ಜೂನ್ 1ಕ್ಕೆ ಮೇಜರ್ ಹ್ಯೂಸ್‌ನ ಪಡೆ ಕೋಟೆ ಹೊಕ್ಕಿತು. ಇಬ್ಬರೂ ಅಲ್ಲೇ ಬಿದ್ರು. ಅದಕ್ಕೂ ಮುಂಚೆ, 1857ರ ನವೆಂಬರಿನಲ್ಲಿ, ಮುಧೋಳ ಸೀಮೆಯ ಹಲಗಲಿ ಬೇಡರು ದಂಗೆ ಎದ್ದದ್ದೂ ಆಯುಧ ಕೊಡೋದಿಲ್ಲ ಅಂತಲೇ. ಈ ಕಥೆಗಳಾಗ ಬಂದೂಕು ಬರೀ ಪ್ರಾಪರ್ಟಿ ಅಲ್ಲ. ಜಗಳ ಇದ್ದದ್ದೇ ಅದರ ಮೇಲೆ.

ಇದನ್ನ ಶಾರ್ಟ್ ಫಿಲ್ಮ್ ಮಾಡ್ತೀರಿ ಅಂದುಕೊಳ್ಳೋಣ. ಭೀಮರಾಯನ ಕಡೆಯೋರ ಕೈಗೆ ಢಂ ಢಂ ಅಂತ ಹತ್ತು ಸಲ ಹೊಡೆಯೋ ಕೌಬಾಯ್ ರೈಫಲ್ ಕೊಟ್ರೆ ನೋಡೋ ಹುಡುಗ ಏನು ಕೇಳ್ತಾನೆ? “ಇಷ್ಟೆಲ್ಲ ಇದ್ದು ಯಾಕ ಸೋತ್ರು?” ಅಂತಾನೆ. ಅವರ ಸಾವಿಗೆ ಅರ್ಥಾನೇ ಇಲ್ಲದಂಗ ಆಗ್ತದೆ. ಆ ಕಾಲದ ಊರ ಬಂದೂಕು ಅಂದ್ರೆ ಹೆಚ್ಚಾಗಿ ಬತ್ತಿ ಹೊತ್ತಿಸಿ ಹಾರಿಸೋದು. ಕಂಪನಿ ಸೈನ್ಯ ಆಗಲೇ ತಾಮ್ರದ ಟೋಪಿಯ ಬಂದೂಕಿಗೆ ಬಂದಿತ್ತು. ಅದರಾಗ ಹೊಸದು 1853ರ ಎನ್‌ಫೀಲ್ಡ್, ಶಾಲೆಯಲ್ಲಿ ಕೊಬ್ಬು ಸವರಿದ ತೋಟಾ ಅಂತ ಓದೀವಲ್ಲ, ಅದೇ. ಪಳಗಿದ ಸಿಪಾಯಿ ಅದರಲ್ಲಿ ನಿಮಿಷಕ್ಕೆ ಮೂರು ಗುಂಡು ಹೊಡೀತಿದ್ದ. ಅಂದ್ರೆ ಒಂದು ಗುಂಡಿಗೆ 20 ಸೆಕೆಂಡು: ಕಾಗದ ಹಲ್ಲಲ್ಲಿ ಹರಿದು, ಮದ್ದು ಸುರಿದು, ಗುಂಡು ಕಡ್ಡಿಯಿಂದ ಗಿಡಿದು, ಟೋಪಿ ಕೂಡಿಸಿ, ಕುದುರೆ ಎಳೆದು. ಬತ್ತಿ ಬಂದೂಕಿನೋನಿಗೆ ಇನ್ನೂ ಹೊತ್ತು ಬೇಕು, ಬತ್ತಿ ಆರದಂಗೆ ಬೇರೆ ಕಾಯಬೇಕು. ಆ 20 ಸೆಕೆಂಡನ್ನ ಕಟ್ ಮಾಡದೆ ತೋರಿಸ್ರಿ. ಕೈ ನಡುಗೋದು, ಕಡ್ಡಿ ಜಾರೋದು, ಕೆಳಗಿಂದ ಬೂಟಿನ ಸದ್ದು. ಒಂದು ಹೊಡೆತ ಆದ ಮೇಲೆ ಬಿಳಿ ಹೊಗೆ, ಎದುರಿಗೆ ಏನೂ ಕಾಣಲ್ಲ. ಇದಕ್ಕಿಂತ ದೊಡ್ಡ ಸಸ್ಪೆನ್ಸ್ ಯಾವ ವೆಸ್ಟರ್ನ್‌ನಲ್ಲಿ ಐತ್ರಿ? ಕಿತ್ತೂರಿನ 1824ರ ಕಥೆ ಆದ್ರೆ ಬಂದೂಕು ಬೇರೆ: ಚಕಮಕಿ ಕಲ್ಲಿನದ್ದು. ಎರಡನ್ನೂ ಕಲಸಬ್ಯಾಡ್ರಿ.

ಬಂದೂಕು ಎಲ್ಲಿಂದ ತರೋದು ಅಂತೀರಾ? ಹಾಲಿವುಡ್‌ನಲ್ಲೂ ಹಿಂದಿನ ಸಾಲಿನೋರ ಕೈಯಾಗ ಎಷ್ಟೋ ಸಲ ಇರೋದು ಮರದ್ದು, ರಬ್ಬರಿಂದು. ನಮ್ಮ ಪಕ್ಕದಲ್ಲೇ ಕಿನ್ನಾಳ ಐತಿ. ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟು ಹಚ್ಚಿ, ಬಣ್ಣ ತುಂಬಿ ಗೊಂಬೆ ಮಾಡೋ ಕೈಗಳಿಗೆ ನಾಲ್ಕೂವರೆ ಅಡಿ ಉದ್ದದ ಒಂದು ಎನ್‌ಫೀಲ್ಡ್ ಮಾಡೋದು ಕಷ್ಟ ಅಲ್ಲ. ಮ್ಯೂಸಿಯಂ ಫೋಟೋ, ಅಳತೆ ಕೊಟ್ಟು ಕೇಳ್ರಿ, ದುಡ್ಡು ಸರಿಯಾಗಿ ಕೊಡ್ರಿ. ಹೊಗೆ, ಸದ್ದು ಎಡಿಟಿಂಗ್‌ನಲ್ಲಿ ಹಾಕ್ಕೊಳ್ರಿ, ಮೊಬೈಲ್ ಆ್ಯಪ್‌ನಲ್ಲೇ ಆಗ್ತದೆ. ಒಂದು ಮಾತು: ಮರದ ಬಂದೂಕನ್ನೂ ಅಸಲಿಯಷ್ಟೇ ಭಾರ ಐತಿ ಅನ್ನೋ ಹಂಗೆ ಹಿಡೀಬೇಕು. ಎನ್‌ಫೀಲ್ಡ್ ನಾಲ್ಕು ಕೆ.ಜಿ. ಮೇಲೆ ಇತ್ತು. ಅದನ್ನ ಹೊತ್ತು ಕೊಪ್ಪಳದ ಕೋಟೆ ಮೆಟ್ಟಿಲು ಹತ್ತೋ ನಟನಿಗೆ ಏದುಸಿರು ಬರಲೇಬೇಕು.

ಯಾರಾದ್ರೂ ಮಾಡಿದ್ರೆ ಲಿಂಕ್ ಕಳಸ್ರಿ. ಮುಂದಿನ ಎಪಿಸೋಡಿನ್ಯಾಗ ಸಿಗೋಣು.