ಮನೆಯಲ್ಲಿ ಎರಡು ಸೇರು



ಇಂದು ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನನದ ಹಬ್ಬ. ಕರಾವಳಿಯ ನಮಗೆ ಇದು ತೆನೆ ಹಬ್ಬವೂ ಹೌದು. ಆಶೀರ್ವದಿಸಿದ ತೆನೆಯನ್ನು ಮನೆಗೆ ಒಯ್ಯುತ್ತೇವೆ. ಆದರೆ ಆ ಬೆಳೆಯನ್ನು ಹಿರಿಯರು ಅಳೆಯುತ್ತಿದ್ದ ಪಾವು, ಸೇರು, ಕಳಸೆಗಳು ನಮ್ಮ ಮಕ್ಕಳಿಗೆ ಗೊತ್ತಿಲ್ಲ. 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಒಂದು ಮುಡಿ ಅಕ್ಕಿ. ಘಟ್ಟದ ಮೇಲಾದರೆ 20 ಕೊಳಗಕ್ಕೆ ಒಂದು ಖಂಡುಗ. ಕಣದಲ್ಲಿ ಅಳೆಯುವವರು ಮೊದಲನೆಯದನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುತ್ತಿದ್ದರು. ಚೆಂದದ ಮಾತು. ಆದರೆ ಯಾರಿಗೆ ಲಾಭ?

1956ರ ಕಾಯಿದೆಯಿಂದ ಕಿಲೋ, ಲೀಟರು ಬಂದವು. ಅದಕ್ಕೆ ಮುನ್ನ ಊರಿಗೊಂದು ಸೇರು. ಕೆಲವು ಮನೆಗಳಲ್ಲಿ ಎರಡು: ಗೇಣಿ ಪಡೆಯಲು ದೊಡ್ಡದು, ಕೂಲಿ ಕೊಡಲು ಚಿಕ್ಕದು. ನಮ್ಮವರ ಮನೆಗಳು ಇದಕ್ಕೆ ಹೊರತಾಗಿದ್ದವೇ? ಹಿರಿಯರನ್ನೇ ಕೇಳಿ.

ಧರ್ಮೋಪದೇಶಕಾಂಡದ 25ನೆಯ ಅಧ್ಯಾಯವು ದೊಡ್ಡದೊಂದು, ಚಿಕ್ಕದೊಂದು ಅಳತೆಯನ್ನು ಮನೆಯಲ್ಲಿ ಇಟ್ಟುಕೊಳ್ಳಲೇಬಾರದು ಎನ್ನುತ್ತದೆ. ಯೇಸುಸ್ವಾಮಿ ಇನ್ನೂ ಮುಂದೆ ಹೋಗುತ್ತಾರೆ. ಲೂಕ 6:38ರಲ್ಲಿ ಅವರು ಹೇಳುವ ಅಳತೆ ಧಾನ್ಯ ಅಳೆದವರಿಗೆ ಚೆನ್ನಾಗಿ ಅರ್ಥವಾಗುತ್ತದೆ: ಅದುಮಿ, ಕುಲುಕಿ, ಮತ್ತೆ ಸುರಿದು, ಮಡಿಲಿಗೆ ಚೆಲ್ಲುವಷ್ಟು. ಸೇರಿನ ಬಾಯಿಯನ್ನು ಅಂಗೈಯಿಂದ ಸವರುವವನಿಗೆ ಅದು ಬರೀ ನಷ್ಟದ ಲೆಕ್ಕ.

ಈಗ ಕೂಲಿ ನೋಟಿನಲ್ಲಿ. ತೋಟಕ್ಕೆ ಬರುವ ಅಕ್ಕನಿಗೆ ಸಂಜೆ ಹಣ ಎಣಿಸುವಾಗ ಅವರು ಚಹಾ ಕುಡಿದ ಹದಿನೈದು ನಿಮಿಷವನ್ನೂ ಕಳೆಯುತ್ತೇವೆಯೇ? ಇಂದಿನ ಹೊಸ ಅಕ್ಕಿಯ ಊಟಕ್ಕೆ ಅವರಿಗೂ ನಮ್ಮ ಸಾಲಿನಲ್ಲೇ ಒಂದು ಎಲೆ ಹಾಕೋಣ.