ಹಸಿರು ಚುಕ್ಕಿ ಕಾಣುತ್ತೆ, ಉಪ್ಪು ಕಾಣಲ್ಲ

ಉಡುಪಿ ರಥಬೀದಿಯ ಅಂಗಡಿಯಾಗಲಿ, ಮಣಿಪಾಲದ ಸೂಪರ್ ಮಾರ್ಕೆಟ್ ಆಗಲಿ, ನಾನು ಗಮನಿಸೋದು ಒಂದೇ. ತಿಂಡಿ ಪೊಟ್ಟಣ ಎತ್ತಿಕೊಂಡವರು ಮೊದಲು ಹುಡುಕೋದು ಹಸಿರು ಚುಕ್ಕಿ. ಅಕ್ಷರ ಬಾರದ ಅಜ್ಜಿಗೂ ಅದು ಅರ್ಥವಾಗುತ್ತೆ. ಆಮೇಲೆ ಬೆಲೆ, ತಾರೀಕು. ಅಲ್ಲಿಗೆ ಮುಗೀತು.

ಹಿಂಬದಿಯ ಪೋಷಕಾಂಶದ ಪಟ್ಟಿ ಓದೋರು ಕಡಿಮೆ. ಓದೋದಾದ್ರೂ ಹೇಗೆ ಸ್ವಾಮಿ? ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಂತೆ ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು. ಕನ್ನಡ ಸೇರಿಸಬಹುದು, ಕಡ್ಡಾಯವಲ್ಲ.

ಕಾಪುವಿನಿಂದಲೋ ಕಾರ್ಕಳದಿಂದಲೋ ಮಣಿಪಾಲಕ್ಕೆ ಬರುವ ಬಿ.ಪಿ. ರೋಗಿಗೆ ಡಾಕ್ಟರು ಹೇಳ್ತಾರೆ, ಉಪ್ಪು ಕಡಿಮೆ ಮಾಡಿ ಅಂತ. ಅವರು ಪಾಪ, ಗಂಜಿಗೆ ಹಾಕುವ ಉಪ್ಪು ಬಿಡ್ತಾರೆ. ಪೊಟ್ಟಣದೊಳಗಿನ ಉಪ್ಪು ಸೋಡಿಯಂ ಎಂಬ ಹೆಸರಲ್ಲಿ, ಇಂಗ್ಲಿಷಿನಲ್ಲಿ ಕೂತಿರುತ್ತೆ!

ಲೆಕ್ಕ ನೋಡಿ. ದಿನದ ಮಿತಿ 2000 ಮಿಲಿಗ್ರಾಂ ಸೋಡಿಯಂ. ಅಂದ್ರೆ 5 ಗ್ರಾಂ ಉಪ್ಪು, ಸುಮಾರು ಒಂದು ಟೀ ಚಮಚ. 200 ಗ್ರಾಂ ಮಿಕ್ಸ್ಚರ್ ಪೊಟ್ಟಣದಲ್ಲಿ 100 ಗ್ರಾಂಗೆ 800 ಮಿಲಿಗ್ರಾಂ ಸೋಡಿಯಂ ಅಂತಿದೆ ಅನ್ನಿ. ಪಕ್ಕದಲ್ಲೇ, ಒಂದು ಸಲಕ್ಕೆ 30 ಗ್ರಾಂ ತಿಂದರೆ ದಿನದ ಮಿತಿಯ ಶೇ. 12 ಅಂತಿರುತ್ತೆ. ಪರವಾಗಿಲ್ಲ ಅನಿಸುತ್ತೆ ಅಲ್ವಾ? ಆದರೆ 30 ಗ್ರಾಂಗೆ ಕೈ ನಿಲ್ಲುತ್ತಾ? ನಮ್ಮ ಚರ್ಚೆ ನೋಡ್ತಾ ಪೊಟ್ಟಣ ಖಾಲಿ ಮಾಡಿದರೆ ಶೇ. 80!

ಸಕ್ಕರೆಯದ್ದೂ ಇದೇ ಕಥೆ. ಪದಾರ್ಥಗಳ ಪಟ್ಟಿಯಲ್ಲಿ ತೂಕ ಹೆಚ್ಚಿರೋದು ಮೊದಲು ಬರಬೇಕು. ಮುಂದೆ ರಾಗಿಯ ಚಿತ್ರ, ಹಿಂದಿನ ಪಟ್ಟಿಯಲ್ಲಿ ಮೈದಾ, ಸಕ್ಕರೆ, ಎಣ್ಣೆ ಆದಮೇಲೆ ರಾಗಿ ಇದ್ದರೆ, ನೀವು ದುಡ್ಡು ಕೊಟ್ಟಿದ್ದು ಚಿತ್ರಕ್ಕೆ.

ಚಿಲಿ ದೇಶ 2016ರಲ್ಲೇ ಸಕ್ಕರೆ, ಉಪ್ಪು, ಕೊಬ್ಬು ಜಾಸ್ತಿ ಇರುವ ಪೊಟ್ಟಣದ ಮುಂಭಾಗಕ್ಕೆ ಎಂಟು ಮೂಲೆಯ ಕಪ್ಪು ಗುರುತು ಹಾಕಿಸಿತು. ನಮ್ಮಲ್ಲಿ ಮುಂಬದಿ ಎಚ್ಚರಿಕೆಯ ಬಗ್ಗೆ ಮೂರು ತಿಂಗಳಲ್ಲಿ ಶಿಫಾರಸು ಕೊಡಿ ಅಂತ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಬೇಕಾಯಿತು.

ಸಸ್ಯಾಹಾರಕ್ಕೆ ಒಂದು ಚುಕ್ಕಿ ಸಾಧ್ಯವಾದರೆ, ಉಪ್ಪು ಸಕ್ಕರೆಗೆ ಯಾಕೆ ಆಗಲ್ಲ? ಇದೇ ಕಂಪನಿಗಳು ನಮ್ಮಂಥ ಚಾನೆಲ್‌ಗಳಿಗೆ ಸೊಗಸಾದ ಕನ್ನಡದಲ್ಲಿ ಜಾಹೀರಾತು ಕೊಡುತ್ತವೆ. ಮಾರೋದಕ್ಕೆ ಬೇಕಾದ ಕನ್ನಡ, ಎಚ್ಚರಿಸೋದಕ್ಕೆ ಬೇಡವಾ?

ಗುರುತು ಬರುವ ತನಕ ಒಂದು ಕೆಲಸ ಮಾಡಿ. ಅಂಗಡಿಗೆ ಹೋಗುವಾಗ ಇಂಗ್ಲಿಷ್ ಓದುವ ಮೊಮ್ಮಗಳನ್ನು ಕರೆದುಕೊಂಡು ಹೋಗಿ. ಚಾಕೊಲೇಟ್ ಕೇಳಿದರೆ, ಮೊದಲು ಹಿಂಬದಿ ಓದು ಪುಟ್ಟಿ, ಅನ್ನಿ.